ನಿಲ್ಲೋದು ಹೇಗೆ ಅಂತ ಮೊದಲು ಹೇಳಿಕೊಡಿ, ಆಮೇಲೆ ಫೋಟೋ ತೆಗೆಯಿರಿ

ಸ್ಕೀಯಿಂಗ್, ಅಂದರೆ ಕಾಲಿಗೆ ಉದ್ದ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರೋದು, ಕಲಿಸುತ್ತೇವೆ ಅಂತ ದುಡ್ಡು ಇಸ್ಕೊಳ್ಳುವವರು ಮೊದಲು ನಿಲ್ಲೋದನ್ನು ಕಲಿಸಬೇಕು. ನನ್ನ ತಕರಾರು ಇಷ್ಟೇ. ಇದಕ್ಕೆ ಇಷ್ಟು ಕೋಪ ಯಾಕೆ ಅಂದರೆ, ನನ್ನ ಗೆಳತಿ ಈಗ ಜಯನಗರದ ಬಾಡಿಗೆ ಮನೆಯಲ್ಲಿ ಮಂಡಿಗೆ ಬ್ರೇಸ್ ಕಟ್ಟಿಕೊಂಡು ಕೂತಿದ್ದಾಳೆ. ಮನೆ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ನಮ್ಮನ್ನು ಮನಾಲಿಗೆ ಕರೆದುಕೊಂಡು ಹೋದ ಬೆಂಗಳೂರಿನ ಟೂರ್‌ನವರು ಈಗ ಫೋನ್ ಎತ್ತುತ್ತಿಲ್ಲ.

ಈ ಪ್ಯಾಕೇಜು ಸಿಕ್ಕಿದ್ದು ಒಂದು ರೀಲ್‌ನಲ್ಲಿ. ಹಿಮದ ಮೇಲೆ ಜಾರುತ್ತಿರುವ ಹುಡುಗ ಹುಡುಗಿಯರು, ಹಿಂದೆ ಕನ್ನಡ ಹಾಡು, ಕೆಳಗೆ ‘ಫುಲ್ ಡೇ ಸ್ಕೀಯಿಂಗ್, ಟ್ರೇನಿಂಗ್ ಸಮೇತ, ನಮ್ಮ ಹುಡುಗರೇ ಜೊತೆಗಿರ್ತಾರೆ’ ಅಂತ ದಪ್ಪ ಅಕ್ಷರ. ನಮ್ಮದು ಕಾಲೇಜಿನ ಕಾಲದ ಗುಂಪು. ಈಗ ಎಲ್ಲರೂ ಒಂದೊಂದು ಆಫೀಸು, ಒಂದೊಂದು ಶಿಫ್ಟು, ಭೇಟಿಯಾಗೋದೇ ಅಪರೂಪ. ಜನವರಿ 26ರ ರಜೆಗೆ ಇನ್ನೆರಡು ದಿನ ಸೇರಿಸಿಕೊಂಡು, ಮ್ಯಾನೇಜರ್‌ಗಳ ಹತ್ತಿರ ಬೇಡಿಕೊಂಡು ಹೊರಟಿದ್ದೆವು. ಹೊರಡುವ ಮೊದಲು ಅವರ ಆಫೀಸಿಗೇ ಹೋಗಿ ಕೇಳಿದ್ದೆವು, ನಮ್ಮಲ್ಲಿ ಯಾರಿಗೂ ಸ್ಕೀ ಅಂದರೆ ಏನೂ ಗೊತ್ತಿಲ್ಲ, ಪರವಾಗಿಲ್ವಾ ಅಂತ. ‘ಬಿಗಿನರ್ಸ್‌ಗೇ ಅಂತ ಮಾಡಿರೋದು ಮೇಡಂ, ಸರ್ಟಿಫೈಡ್ ಇನ್‌ಸ್ಟ್ರಕ್ಟರ್ ಇರ್ತಾರೆ, ಬೆಳಗ್ಗೆಯಿಂದ ಸಂಜೆವರೆಗೂ ಅಲ್ಲೇ ಇರ್ತೀರ’ ಅಂದರು. ಈ ಮಾತು ನಂಬಿಯೇ ದುಡ್ಡು ಕಟ್ಟಿದ್ದು.

ಚಂಡೀಗಢದವರೆಗೆ ವಿಮಾನ, ಅಲ್ಲಿಂದ ರಾತ್ರಿಯಿಡೀ ಟೆಂಪೋ ಟ್ರಾವೆಲರ್. ಇರಲಿ, ಅದರ ಬಗ್ಗೆ ದೂರಿಲ್ಲ.

ದೂರು ಶುರುವಾಗೋದು ಮನಾಲಿ ಬಿಟ್ಟು ಸೋಲಂಗ್ ಕಣಿವೆಯ ಕಡೆ ಹೊರಟ ಬೆಳಗಿನಿಂದ. ಆ ರಸ್ತೆಯುದ್ದಕ್ಕೂ ಚಳಿ ಬಟ್ಟೆ, ಬೂಟು, ಸ್ಕೀ ಬಾಡಿಗೆಗೆ ಕೊಡುವ ಅಂಗಡಿಗಳಿವೆ, ಒಂದೊಂದಕ್ಕೂ ನಂಬರ್ ಬರೆದಿರುತ್ತಾರೆ. ನಮ್ಮ ಗಾಡಿ ಎಲ್ಲ ಬಿಟ್ಟು ಒಂದೇ ಒಂದು ನಂಬರಿನ ಮುಂದೆ ನಿಂತಿತು. ಬೇರೆ ಅಂಗಡಿ ನೋಡೋಣ ಅಂದರೆ, ಟೂರ್ ಲೀಡರ್ ಹುಡುಗ ‘ಇಲ್ಲೇ ತಗೋಬೇಕು ಸಾರ್, ನಮ್ದು ಮಾತಾಗಿದೆ’ ಅಂದ. ಪ್ಯಾಕೇಜಿನಲ್ಲಿ ಸೇರಿದೆ ಅಂದಿದ್ದ ಬಟ್ಟೆಗೆ ಮತ್ತೆ ದುಡ್ಡು ಕೊಟ್ಟೆವು. ಒದ್ದೆಯಾದ, ಬೇರೆಯವರ ಬೆವರಿನ ವಾಸನೆ ಬರುವ ಸೂಟು. ಅದನ್ನೂ ಸಹಿಸಿಕೊಂಡೆವು ಅನ್ನಿ. ಆದರೆ ಬೂಟಿನ ವಿಷಯ ಹಾಗಲ್ಲ. ಸ್ಕೀ ಬೂಟು ಅಂದರೆ ಪಾದದಿಂದ ಮೀನಖಂಡದ ಅರ್ಧದವರೆಗೆ ಗಟ್ಟಿ ಪ್ಲಾಸ್ಟಿಕ್ಕು. ಅದು ಪಾದಕ್ಕೆ ಸರಿಯಾಗಿ ಕೂರಬೇಕು, ಸೆಂಟಿಮೀಟರ್ ಲೆಕ್ಕದಲ್ಲಿ ಅಳತೆ ಇರುತ್ತದೆ. ಅಲ್ಲಿ ಯಾರೂ ಯಾರ ಪಾದವನ್ನೂ ಅಳೆಯಲಿಲ್ಲ. ಕೈಗೆ ಸಿಕ್ಕಿದ್ದನ್ನು ಎಸೆದರು, ‘ಚಲೇಗಾ, ಚಲೇಗಾ’ ಅಂತ. ನನ್ನ ಗೆಳತಿಗೆ ಸಿಕ್ಕಿದ್ದು ಎಷ್ಟು ದೊಡ್ಡದಿತ್ತು ಅಂದರೆ ಒಳಗೆ ಎರಡು ಜೊತೆ ಸಾಕ್ಸ್ ತುರುಕಿಕೊಂಡಳು.

ಸೋಲಂಗ್ ಇರೋದು ಮನಾಲಿಯಿಂದ ಬರೀ 13–14 ಕಿ.ಮೀ. ದೂರದಲ್ಲಿ. ಆದರೆ ಅದು ಸಾಲು ರಜೆ, ಜೊತೆಗೆ 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಸುರಂಗದ ಆಚೆಗಿನ ಲಾಹೌಲ್ ಕಡೆಗೆ, ಅಲ್ಲಿನ ಸಿಸ್ಸು ಊರಿಗೆ ಹೋಗುವ ಗಾಡಿಗಳೂ ಅದೇ ದಾರಿ ಹಿಡಿಯುತ್ತವೆ. ಗಾಡಿಗಳು ಕದಲಲೇ ಇಲ್ಲ. ಬೆಳಗ್ಗೆ ಹೊರಟವರು ಇಳಿಜಾರಿನ ಬುಡ ಮುಟ್ಟುವಾಗ ಮಧ್ಯಾಹ್ನ. ರಜೆಯ ದಿನ ಅಲ್ಲಿ ಟ್ರಾಫಿಕ್ ಜಾಮ್ ಆಗುತ್ತದೆ ಅನ್ನೋದು ಪ್ರತಿ ವಾರ ಬ್ಯಾಚ್ ಕಳಿಸುವವರಿಗೆ ಗೊತ್ತಿಲ್ವಾ? ಗೊತ್ತಿದೆ. ಗೊತ್ತಿದ್ದೇ ‘ಫುಲ್ ಡೇ’ ಅಂತ ಬರೆಯುತ್ತಾರೆ. ಟೂರ್ ಲೀಡರ್ ನಮ್ಮನ್ನು ಇಳಿಸಿ, ‘ನೀವು ಮಾಡ್ಕೊಂಡ್ ಬನ್ನಿ, ನಾನು ಇಲ್ಲೇ ಇರ್ತೀನಿ’ ಅಂತ ಚಹಾದ ಅಂಗಡಿಯಲ್ಲಿ ಕೂತ. ರೀಲ್‌ನಲ್ಲಿ ಹೇಳಿದ್ದ, ಜೊತೆಗಿರುವ ‘ನಮ್ಮ ಹುಡುಗ’ ಅವನೇ.

ಮೇಲೆ ನಮ್ಮ ಗುಂಪಿಗೆಲ್ಲ ಸೇರಿ ಕೊಟ್ಟಿದ್ದು ಇಬ್ಬರು ಲೋಕಲ್ ಹುಡುಗರನ್ನು. ಸ್ಕೀ ಜೊತೆಗಳು ಇದ್ದದ್ದು ಜನರಿಗಿಂತ ಕಡಿಮೆ, ಹಾಗಾಗಿ ಸರದಿ. ಒಬ್ಬರು ಕಳಚಿದ್ದನ್ನು ಇನ್ನೊಬ್ಬರು ಹಾಕಿಕೊಳ್ಳೋದು. ಹುಡುಗ ಮುಂದೆ ನಿಂತು ನಮ್ಮ ಕೈಯ ಎರಡೂ ಕೋಲು ಹಿಡಿದು ಎಳೆಯುತ್ತಾನೆ, ನಾವು ಬೆದರಿಕೊಂಡು ಹಿಂದೆ ಜಾರುತ್ತೇವೆ, ನಾಲ್ಕು ಮಾರು ಹೋಗುವಷ್ಟರಲ್ಲಿ ಕ್ಯಾಮೆರಾದವನು ಅಡ್ಡ ಬಂದು ‘ಪೋಸ್, ಪೋಸ್’ ಅನ್ನುತ್ತಾನೆ. ಕಪ್ಪು ಕನ್ನಡಕ ಫೋಟೋಗೆ ಮಾತ್ರ. ಕ್ಲಿಕ್ ಆದ ತಕ್ಷಣ ಕಿತ್ತುಕೊಂಡು ಮುಂದಿನವರಿಗೆ. ಹೊಸ ಹಿಮ ಬಿಸಿಲಿನ ಅತಿನೇರಳೆ ಕಿರಣಗಳನ್ನು ಶೇ 80ರವರೆಗೂ ನಮ್ಮ ಮುಖಕ್ಕೇ ವಾಪಸ್ ಎರಚುತ್ತದೆ. ಸಾಲದ್ದಕ್ಕೆ ಎತ್ತರದ ಜಾಗ. ರಾತ್ರಿ ಗುಂಪಿನಲ್ಲಿ ಒಬ್ಬಿಬ್ಬರ ಕಣ್ಣು ಕೆಂಪಾಗಿ, ಮರಳು ತುಂಬಿದಂತೆ ಉರಿದು, ನಿದ್ದೆಯಿಲ್ಲದೆ ಒದ್ದಾಡಿದರು. ಹೆಲ್ಮೆಟ್ ಕೇಳಿದ್ದಕ್ಕೆ ಹುಡುಗರು ನಮ್ಮ ಮುಖವನ್ನೇ ನೋಡಿದರು.

ಇನ್ನು ಬೈಂಡಿಂಗ್. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಹೋಗುವ ಮೊದಲು ನಮಗೆ ಇದನ್ನು ಯಾರೂ ಹೇಳಲಿಲ್ಲ. ಬೂಟನ್ನು ಸ್ಕೀಗೆ ಹಿಡಿದಿಡುವ ಕ್ಲಿಪ್ಪಿಗೆ ಬೈಂಡಿಂಗ್ ಅನ್ನುತ್ತಾರೆ. ಮುಂದೆ ಒಂದು ತುಂಡು, ಹಿಮ್ಮಡಿಗೆ ಒಂದು ತುಂಡು. ಬರೀ ಹಿಡಿದಿಟ್ಟರೆ ಅದರ ಕೆಲಸ ಮುಗಿಯಲಿಲ್ಲ. ಬಿದ್ದಾಗ, ಕಾಲು ತಿರುಚಿದಾಗ, ಬೂಟನ್ನು ಬಿಟ್ಟುಬಿಡೋದೂ ಅದರದ್ದೇ ಕೆಲಸ. ಬಿಡದಿದ್ದರೆ ಆ ಉದ್ದ ಹಲಗೆ ಸನ್ನೆಕೋಲಿನಂತೆ ತಿರುಗಿ ತನ್ನ ಬಲವನ್ನೆಲ್ಲ ಮಂಡಿಗೆ ಹಾಕುತ್ತದೆ. ಎಷ್ಟು ಬಲಕ್ಕೆ ಬಿಡಬೇಕು ಅನ್ನೋದನ್ನು ಹಾಕಿಕೊಳ್ಳುವವರ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಅವರಿಗೆ ಸ್ಕೀ ಎಷ್ಟು ಬರುತ್ತದೆ ಅನ್ನೋದು ನೋಡಿ ಹೊಂದಿಸಬೇಕು. ಅದಕ್ಕೆ ಬೈಂಡಿಂಗ್ ಮೇಲೇ ಅಂಕಿಗಳಿರುತ್ತವೆ, ಒಂದು ಸ್ಕ್ರೂ ಇರುತ್ತದೆ. ಸ್ಕ್ರೂಡ್ರೈವರ್ ಇದ್ದರೆ ಕೆಲವೇ ನಿಮಿಷದ ಕೆಲಸ. ಅಂತಾರಾಷ್ಟ್ರೀಯ ಮಾನದಂಡವೇ ಇದೆ ಇದಕ್ಕೆ. ನಮ್ಮಲ್ಲಿ ಏನಾಯಿತು? ನಮ್ಮ ಗುಂಪಿನ ಅತಿ ದಪ್ಪ ಗೆಳೆಯ ಕಳಚಿದ ಸ್ಕೀಯನ್ನು ಅತಿ ಸಣ್ಣಗಿರುವ ಈ ಗೆಳತಿಗೆ ಹಾಗೆಯೇ ಹಾಕಿದರು. ಬೂಟು ಕೂರುತ್ತಿರಲಿಲ್ಲ, ಹುಡುಗ ಕಾಲಿನಿಂದ ಒದ್ದು ಕೂರಿಸಿದ. ಸ್ಕ್ರೂ ಮುಟ್ಟಲಿಲ್ಲ. ಅವನ ಹತ್ತಿರ ಸ್ಕ್ರೂಡ್ರೈವರೇ ಇರಲಿಲ್ಲ.

ಸ್ವಲ್ಪ ದೂರ ಎಳೆದುಕೊಂಡು ಹೋಗಿ, ‘ಅಬ್ ಖುದ್ ಜಾವೋ’ ಅಂತ ಕೈ ಬಿಟ್ಟ. ಇಳಿಜಾರು ದೊಡ್ಡದೇನಲ್ಲ, ನೋಡಿದರೆ ಮಕ್ಕಳಾಟದ ಹಾಗಿತ್ತು. ಆದರೆ ಸ್ಕೀ ಮೇಲೆ ನಿಂತವರಿಗೆ ನಿಲ್ಲೋಕೆ ಬರದಿದ್ದರೆ ಯಾವ ಇಳಿಜಾರೂ ಚಿಕ್ಕದಲ್ಲ. ಕೆಳಗೆ ಟ್ಯೂಬಿನ ಮೇಲೆ ಜಾರುವ ಮಕ್ಕಳು, ಕುದುರೆಗಳು, ಸೆಲ್ಫಿ ತೆಗೆದುಕೊಳ್ಳುವ ಸಂಸಾರಗಳು, ಜೋಳ ಸುಡುವವರು, ಎಲ್ಲರೂ ಅದೇ ಜಾಗದಲ್ಲಿ. ಮೇಲಿಂದ ಬರುವವರು ತಮ್ಮ ಮುಂದೆ ಕೆಳಗಿರುವವರಿಗೆ ಅಪಾಯವಾಗದ ದಾರಿ ಹಿಡಿಯಬೇಕು ಅನ್ನೋದು ಅಂತಾರಾಷ್ಟ್ರೀಯ ಸ್ಕೀ ಒಕ್ಕೂಟದ ಹತ್ತು ನಿಯಮಗಳಲ್ಲಿ ಒಂದು. ದಾರಿ ಹಿಡಿಯೋಕೆ ಮೊದಲು ತಿರುಗೋಕೆ ಬರಬೇಕಲ್ಲ! ಇವಳ ಎದುರಿಗೆ ಒಂದು ಮಗು ಬಂತು. ‘ಹೇಗೆ ನಿಲ್ಲೋದು, ಹೇಗೆ ನಿಲ್ಲೋದು’ ಅಂತ ಕನ್ನಡದಲ್ಲಿ ಕಿರುಚಿದ್ದು ನಮಗೆಲ್ಲ ಕೇಳಿಸಿತು. ಮಗುವನ್ನು ತಪ್ಪಿಸೋಕೆ ಪಕ್ಕಕ್ಕೆ ಬಿದ್ದಳು. ಸ್ಕೀ ಮೂತಿ ಹಿಮದಲ್ಲಿ ಹೂತಿತು, ಮೈ ತಿರುಗಿತು, ಬೈಂಡಿಂಗ್ ಬಿಡಲಿಲ್ಲ.

ಸ್ಟ್ರೆಚರ್ ಇರಲಿಲ್ಲ. ನಾವೂ ಆ ಹುಡುಗರೂ ಸೇರಿ ಹೊತ್ತುಕೊಂಡೇ ಇಳಿದೆವು. ಟೂರ್ ಲೀಡರ್ ಮೊದಲು ಕೇಳಿದ ಪ್ರಶ್ನೆ, ‘ಸ್ಕೀ ಏನೂ ಮುರಿದಿಲ್ಲ ತಾನೇ?’

ಬೆಂಗಳೂರಿಗೆ ಬಂದು ಎಂಆರ್‌ಐ ಮಾಡಿಸಿದಾಗ ಮಂಡಿಯ ಒಳಬದಿಯ ಲಿಗಮೆಂಟ್ ಅರ್ಧ ಹರಿದಿದೆ ಅಂತ ಗೊತ್ತಾಯಿತು. ಮೂಳೆ ಡಾಕ್ಟರು ಸ್ಕೀ ಅಂದ ಕೂಡಲೇ ‘ಬೈಂಡಿಂಗ್ ಬಿಡಲಿಲ್ವಾ?’ ಅಂತ ಕೇಳಿದರು. ಬೆಂಗಳೂರಿನಲ್ಲಿ ಕೂತ ಡಾಕ್ಟರಿಗೆ ಗೊತ್ತಿರುವ ಈ ಪ್ರಶ್ನೆ, ವಾರವಾರ ಜನರನ್ನು ಹಿಮಕ್ಕೆ ಕಳಿಸಿ ದುಡಿಯುವವರ ತಲೆಗೆ ಹೊಳೆಯೋದಿಲ್ಲ.

ಟೂರ್ ಆಫೀಸಿಗೆ ಹೋಗಿ ಕೇಳಿದ್ದಕ್ಕೆ ಬಂದ ಉತ್ತರ ಕೇಳಿ. ‘ಅಡ್ವೆಂಚರ್ ಅಂದ್ಮೇಲೆ ಇದೆಲ್ಲ ಇರುತ್ತೆ ಮೇಡಂ. ನೀವೇ ಫಾರಂಗೆ ಸೈನ್ ಹಾಕಿದೀರಲ್ಲ.’ ಹೌದು, ಹಾಕಿದ್ದೆವು. ರಾತ್ರಿಯಿಡೀ ಪ್ರಯಾಣ ಮಾಡಿ ಅರೆನಿದ್ದೆಯಲ್ಲಿದ್ದಾಗ, ಬೆಳಗಿನ ಜಾವ ಗಾಡಿಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಹಾಕಿಸಿಕೊಂಡ ಸಹಿ ಅದು. ಬೆಟ್ಟದ ಅಪಾಯಕ್ಕೆ ನಾವು ಸಹಿ ಹಾಕಿದ್ದೆವು. ಅವರು ತಿರುಗಿಸದೆ ಬಿಟ್ಟ ಸ್ಕ್ರೂಗೆ ಹಾಕಿರಲಿಲ್ಲ. ಹಿಮ ಕುಸಿದಿದ್ದರೆ, ಹವಾಮಾನ ಕೆಟ್ಟಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ. ಇಲ್ಲಿ ಆಗಿದ್ದು, ಈಜು ಬಾರದವರನ್ನು ಬಾವಿಗೆ ತಳ್ಳಿ ಕಲಿಸಿದ್ದೇವೆ ಅಂತ ಫೀಸು ಕೇಳಿದ ಹಾಗೆ.

ಕಲಿಸೋದು ಅಂದರೆ ಏನು ಅಂತ ಆಮೇಲೆ ಹುಡುಕಿ ಹುಡುಕಿ ಓದಿದೆ. ಓದಿದಷ್ಟೂ ಸಿಟ್ಟು ಹೆಚ್ಚಾಯಿತು. ಮೊದಲು ಬರೀ ಬೂಟಿನಲ್ಲಿ ನಡೆಸಬೇಕು. ಆಮೇಲೆ ಸಮತಟ್ಟು ಜಾಗದಲ್ಲಿ ಒಂದೇ ಕಾಲಿಗೆ ಸ್ಕೀ. ಆಮೇಲೆ ಎರಡೂ. ಬೀಳೋದು ಹೇಗೆ, ಬಿದ್ದರೆ ಏಳೋದು ಹೇಗೆ. ಆಮೇಲೆ ಸ್ನೋಪ್ಲೌ, ಅಂದರೆ ಸ್ಕೀಗಳ ಮುಂದಿನ ತುದಿ ಹತ್ತಿರ ತಂದು, ಹಿಮ್ಮಡಿ ಎರಡನ್ನೂ ಹೊರಕ್ಕೆ ತಳ್ಳಿ, ಒಳ ಅಂಚಿನಿಂದ ಹಿಮವನ್ನು ಕೆರೆದು ವೇಗ ಇಳಿಸೋದು. ಚಿಕ್ಕ ಮಕ್ಕಳಿಗೂ ಇದನ್ನೇ ಮೊದಲು ಕಲಿಸುತ್ತಾರೆ. ಇದು ಬಂದ ಮೇಲೆಯೇ ಇಳಿಜಾರು. ನಮಗೆ ಇದರಲ್ಲಿ ಒಂದನ್ನೂ ಹೇಳಲಿಲ್ಲ. ಒಂದನ್ನೂ.

ನಮ್ಮ ದೇಶದಲ್ಲಿ ಸರಿಯಾಗಿ ಕಲಿಸುವ ಜಾಗ ಇಲ್ಲ ಅಂತಲ್ಲ. ಮನಾಲಿಯಲ್ಲೇ ಸರ್ಕಾರದ ಪರ್ವತಾರೋಹಣ ಸಂಸ್ಥೆ ಇದೆ, ಗುಲ್ಮಾರ್ಗ್‌ನಲ್ಲಿ ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಸ್ಕೀ ಸಂಸ್ಥೆ ಇದೆ, ಎರಡೂ ಕಡೆ ದಿನಗಟ್ಟಲೆ ಇರಿಸಿಕೊಂಡು ಕಲಿಸುವ ಕೋರ್ಸುಗಳಿವೆ. ಸೋಲಂಗ್ ಪಕ್ಕದ ಬುರುವಾ ಊರಿನ ಆಂಚಲ್ ಠಾಕೂರ್ 2018ರಲ್ಲಿ ಟರ್ಕಿಯಲ್ಲಿ ಕಂಚು ಗೆದ್ದಳು, ಅಂತಾರಾಷ್ಟ್ರೀಯ ಸ್ಕೀಯಿಂಗ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ ಅಂತ ಆಗ ಸುದ್ದಿಯಾಗಿತ್ತು. ಇನ್ನು ‘ನಿಮ್ ಸೌತ್‌ನೋರಿಗೆ ಹಿಮ ಅಂದ್ರೆ ಭಯ ಅಷ್ಟೇ’ ಅಂತ ಆ ಲೀಡರ್ ಅಂದನಲ್ಲ, ಅವನಿಗೆ ನಮ್ಮ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಯಾರು ಅಂತ ಗೊತ್ತಿಲ್ಲ. ಹಿಮವೇ ಬೀಳದ ಜಿಲ್ಲೆಯಿಂದ ಹೋಗಿ ಸ್ಕೀ ಕಲಿತು, ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಪದಕ ಗೆದ್ದ ಹುಡುಗಿ. ಹುಟ್ಟಿದ ಊರು ಯಾವುದಾದರೇನು, ಕಲಿಸುವವರು ನೆಟ್ಟಗಿದ್ದರೆ ಯಾರಿಗಾದರೂ ಬರುತ್ತದೆ.

ಆ ಇಬ್ಬರು ಲೋಕಲ್ ಹುಡುಗರ ಮೇಲೆ ನನಗೆ ಅಷ್ಟು ಕೋಪವಿಲ್ಲ. ಅವರು ಸ್ಕೀ ಮಾಡೋದನ್ನು ನೋಡಿದೆ, ನೀರಿನಂತೆ ಇಳಿಯುತ್ತಾರೆ. ತಲೆಗೆ ಇಷ್ಟು ಅಂತ ಚಿಲ್ಲರೆ ಕಾಸು ಸಿಗುತ್ತದೆ ಅವರಿಗೆ, ಅದೂ ಚಳಿಗಾಲದಲ್ಲಿ ಮಾತ್ರ. ಒಬ್ಬ ಹುಡುಗ ಅವಳ ಕಾಲು ಹಿಡಿದುಕೊಂಡು ಕಣ್ಣೀರು ಹಾಕಿದ. ನಾವು ಬೆಂಗಳೂರಿನಲ್ಲಿ ಕಟ್ಟಿದ ದುಡ್ಡಿನಲ್ಲಿ ಅವರ ಕೈಗೆ ಹೋಗಿದ್ದೆಷ್ಟು ಅಂತ ಕೇಳಿದರೆ ಟೂರ್‌ನವರು ಬಾಯಿ ಬಿಡಲ್ಲ. ಜನಕ್ಕೆ ತಕ್ಕಷ್ಟು ಸ್ಕೀ ಕೊಟ್ಟು, ಹುಡುಗರಿಗೆ ಸರಿಯಾದ ಸಂಬಳ ಕೊಟ್ಟು, ಎರಡು ಗಂಟೆ ಕಲಿಸಿ ಅಂದಿದ್ದರೆ ಅವರು ಖಂಡಿತ ಕಲಿಸುತ್ತಿದ್ದರು.

ಈಗ ಸುಮ್ನೆ ಬಿಡೋದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ವಾಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಹಿಮಾಚಲಕ್ಕೆ ಅಲೆಯಬೇಕಿಲ್ಲ. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದರೂ ದೂರು ಬರೆದುಕೊಳ್ಳುತ್ತಾರೆ. ಇಂಥದ್ದೇ ಅನುಭವ ಆದವರು ರಸೀದಿ, ವಾಟ್ಸಾಪ್ ಚಾಟ್, ಆ ರೀಲ್‌ನ ಸ್ಕ್ರೀನ್‌ಶಾಟ್ ಎಲ್ಲ ತೆಗೆದಿಟ್ಟುಕೊಳ್ಳಿ, ಅವರು ಅಳಿಸುವ ಮೊದಲೇ. ಹೋಗಲಿರುವವರು ದುಡ್ಡು ಕಟ್ಟುವ ಮೊದಲು ಕೇಳಿ: ಕಲಿಸುವವರು ಎಲ್ಲಿ ಕಲಿತವರು, ಒಬ್ಬರಿಗೆ ಎಷ್ಟು ಜನ, ಬೈಂಡಿಂಗ್ ಹೊಂದಿಸುವವರು ಯಾರು, ಹೆಲ್ಮೆಟ್ ಇದೆಯಾ, ಬಿದ್ದರೆ ಕೆಳಗೆ ತರುವವರು ಯಾರು. ಇದಕ್ಕೆ ತಡಬಡಿಸಿದರೆ ಅಲ್ಲಿಂದ ಎದ್ದು ಬನ್ನಿ.

ಟೂರ್‌ನವರಿಗೂ ಇಲ್ಲೇ ಹೇಳುತ್ತೇನೆ, ಇದನ್ನು ನೀವು ಓದುತ್ತೀರ ಅಂತ ಗೊತ್ತು. ಮುಂದಿನ ಬ್ಯಾಚಿನ ಪೋಸ್ಟರಿಗೆ ನಮ್ಮ ಗುಂಪಿನ ಫೋಟೋ ಹಾಕಿದ್ದೀರಿ, ನಡುವೆ ಕನ್ನಡಕ ಹಾಕಿಕೊಂಡು ನಗುತ್ತಿರುವವಳು ಅವಳೇ. ನಮ್ಮನ್ನು ಕೇಳದೆ ಹಾಕಿದ ಆ ಫೋಟೋ ಇವತ್ತೇ ತೆಗೆಯಿರಿ. ಸ್ಕೀಯಿಂಗ್‌ಗೆ ಅಂತ ತೆಗೆದುಕೊಂಡ ದುಡ್ಡು ಎಲ್ಲರಿಗೂ ವಾಪಸ್ ಕೊಡಿ. ಎಂಆರ್‌ಐ, ಬ್ರೇಸ್, ಫಿಸಿಯೋಥೆರಪಿ ಬಿಲ್ಲುಗಳನ್ನು ನಿಮ್ಮ ನಂಬರಿಗೆ ಕಳಿಸಿದ್ದೇವೆ, ನೀಲಿ ಟಿಕ್ಕೂ ಬಂದಿದೆ.