400 ಗ್ರಾಂ ಕರುಣೆ

ಕರುಣೆಗೂ ಒಂದು ತೂಕ ಇದೆ. 400 ಗ್ರಾಂ. ನಾನು ಹೇಳಿದ್ದಲ್ಲ, 1868ರಲ್ಲಿ ಯುರೋಪಿನ ದೊಡ್ಡ ದೇಶಗಳೆಲ್ಲ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಕೂತು ಸಹಿ ಹಾಕಿದ ಘೋಷಣೆ ಹೇಳಿದ್ದು. ಸಿಡಿಯುವ ಗುಂಡು 400 ಗ್ರಾಂಗಿಂತ ಹಗುರವಾಗಿದ್ದರೆ ಅದು ಅಮಾನುಷ, ಬಳಸಬಾರದು. 400 ಗ್ರಾಂ ದಾಟಿದರೆ ತಕರಾರಿಲ್ಲ. ಅಂದರೆ ಒಬ್ಬ ಸಿಪಾಯಿಯ ಹೊಟ್ಟೆಯೊಳಗೆ ಹೋಗಿ ಸಿಡಿಯುವುದು ತಪ್ಪು. ಇಪ್ಪತ್ತು ಸಿಪಾಯಿಗಳ ನಡುವೆ ಬಿದ್ದು ಸಿಡಿಯುವುದು ಸರಿ. ನ್ಯಾಯಬೆಲೆ ಅಂಗಡಿಯವರು ಕೂಡ ತಕ್ಕಡಿಯನ್ನು ಇಷ್ಟು ನಿಷ್ಠೆಯಿಂದ ಹಿಡಿದವರಲ್ಲ.

ಸಭೆ ಕರೆದದ್ದು ರಷ್ಯಾ. ಆ ಗುಂಡನ್ನು ಮಾಡಿದ್ದೂ ರಷ್ಯಾನೇ. 1863ರಲ್ಲಿ ಶತ್ರುವಿನ ಮದ್ದಿನ ಗಾಡಿ ಉಡಾಯಿಸೋಕೆ ಅಂತ ಮಾಡಿದರು. 1867ರ ಹೊತ್ತಿಗೆ ಅದು ಮೆತ್ತಗಿನ ವಸ್ತುವಿಗೆ ತಾಗಿದರೂ ಸಿಡಿಯುವ ಹಾಗೆ ‘ಸುಧಾರಿಸಿತು’. ಮೆತ್ತಗಿನ ವಸ್ತು ಅಂದರೆ ಮನುಷ್ಯ. ಆಗ ಅವರಿಗೆ ಹೊಳೆಯಿತು: ನಾವು ಮಾಡಿದ್ದನ್ನು ಪಕ್ಕದವರೂ ಮಾಡುತ್ತಾರಲ್ವಾ? ಅಲ್ಲಿಂದ ಮಾನವೀಯತೆ ಉಕ್ಕಿ ಹರಿಯಿತು.

ನಮ್ಮ ಕುರುಕ್ಷೇತ್ರದಲ್ಲೂ ನಿಯಮ ಇತ್ತು. ಸೂರ್ಯ ಮುಳುಗಿದ ಮೇಲೆ ಬಾಣ ಬಿಡಬಾರದು, ಸೊಂಟದ ಕೆಳಗೆ ಗದೆ ಬೀಸಬಾರದು. ಎಲ್ಲವನ್ನೂ ಮುರಿದರು, ಅದು ಬೇರೆ ಮಾತು. ಆದರೆ ಭೀಮನ ಗದೆ ಎಷ್ಟು ಗ್ರಾಂ ಅಂತ ಯಾರೂ ಕೇಳಲಿಲ್ಲ. ಅಷ್ಟು ಮುಂದುವರಿದವರಾಗಿರಲಿಲ್ಲ ನಾವು.

1899ರಲ್ಲಿ ಮತ್ತೊಂದು ಸಭೆ. ಈ ಸಲ ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ, ಮರಗಳ ನಡುವಿನ ರಾಜಮನೆತನದ ಅರಮನೆಯಲ್ಲಿ. ಕರೆದವರು ಮತ್ತೆ ರಷ್ಯಾದವರೇ, ಎರಡನೇ ನಿಕೊಲಾಸ್ ದೊರೆ. ಪಕ್ಕದ ಆಸ್ಟ್ರಿಯಾ ಬೇಗ ಬೇಗ ಗುಂಡು ಹಾರಿಸುವ ಹೊಸ ಫಿರಂಗಿ ತರಿಸುವ ತಯಾರಿಯಲ್ಲಿತ್ತು. ಅದಕ್ಕೆ ಸಮನಾಗಿ ತರಿಸೋಕೆ ರಷ್ಯಾದ ಬೊಕ್ಕಸದಲ್ಲಿ ದುಡ್ಡಿರಲಿಲ್ಲ. ದುಡ್ಡು ಇಲ್ಲದಾಗ ಶಾಂತಿಯ ನೆನಪಾಗುವುದು ಸಹಜ. 26 ದೇಶಗಳು ಬಂದವು. ಏಷ್ಯಾದ ನಾಲ್ಕೈದು ದೇಶ ಇದ್ದವು. ಆಫ್ರಿಕಾದಿಂದ ಒಬ್ಬರೂ ಇರಲಿಲ್ಲ. ಭಾರತ ಇರಲಿಲ್ಲ. ಗುಂಡಿನ ಬಗ್ಗೆ ಮಾತು ಬಂದಾಗ ಮಾತ್ರ ನಮ್ಮ ಹೆಸರು ಬಂತು.

ಏಕೆಂದರೆ ಆ ಗುಂಡು ನಮ್ಮಲ್ಲೇ ಹುಟ್ಟಿದ್ದು. ಕೋಲ್ಕತಾ ಪಕ್ಕದ ದಮ್‌ದಮ್‌ನಲ್ಲಿ. ಈಗ ವಿಮಾನ ಇಳಿಯುವ ಆ ಕಡೆ ಆಗ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆ ಇತ್ತು. ರೈಫಲ್ ಗುಂಡು ಅಂದರೆ ಸೀಸ, ಅದರ ಮೇಲೆ ಗಟ್ಟಿ ಲೋಹದ ಹೊದಿಕೆ. ಈ ಗುಂಡು ವಾಯವ್ಯ ಗಡಿಯ ಪಠಾಣರ ಮೈಯಲ್ಲಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಗೆ ಹೋಗುತ್ತಿತ್ತು, ಪಠಾಣರು ನಿಲ್ಲದೆ ಮುಂದೆ ಬರುತ್ತಿದ್ದರು. ಇದು ಅವರ ಮೇಲಿದ್ದ ದೂರು. ಹಾಗಾಗಿ ದಮ್‌ದಮ್‌ನಲ್ಲಿ ತುದಿಯ ಹೊದಿಕೆ ತೆಗೆದು ಸೀಸವನ್ನು ಬರಿದಾಗಿ ಬಿಟ್ಟರು. ಮೈಗೆ ತಾಗಿದ ಕೂಡಲೇ ಸೀಸ ಚಪ್ಪಟೆಯಾಗಿ ಅರಳುತ್ತದೆ. ಒಳಗೆ ಹೋಗುವಾಗ ಬೆರಳಿನಷ್ಟೂ ಇಲ್ಲದ ತೂತು, ಒಳಗಡೆ ಎಲುಬು, ಮಾಂಸ ಎಲ್ಲ ಚಿಂದಿ.

ಯುರೋಪಿನವರು ಇದು ಕ್ರೂರ ಅಂದರು. ಬ್ರಿಟನ್ ಪರವಾಗಿ ಎದ್ದು ನಿಂತವರು ಮೇಜರ್ ಜನರಲ್ ಸರ್ ಜಾನ್ ಅರ್ಡಾ. ಅವರ ವಾದವನ್ನು ಸಭೆಯ ನಡಾವಳಿಯಲ್ಲಿ ಬರೆದಿಟ್ಟಿದ್ದಾರೆ. ನಾನು ಕಟ್ಟಿದ ಕತೆ ಅನ್ನಬೇಡಿ. ಸಭ್ಯರ ಯುದ್ಧದಲ್ಲಿ ಸಿಪಾಯಿಗೆ ಚಿಕ್ಕ ಗುಂಡು ತಾಗಿದರೆ ತನಗೆ ಗಾಯವಾಯಿತು ಅಂತ ಅವನು ಆಂಬುಲೆನ್ಸ್ ಕಡೆಗೆ ಹೋಗುತ್ತಾನೆ, ಮುಂದೆ ಬರುವುದಿಲ್ಲ. ಕಾಡುಮನುಷ್ಯ ಹಾಗಲ್ಲ. ಎರಡು ಮೂರು ಗುಂಡು ಹೊಕ್ಕರೂ ನಡೆದುಕೊಂಡೇ ಬರುತ್ತಾನೆ. ‘ಅಯ್ಯಾ, ನೀನು ಹೇಗ್ ಸಭೆಯ ತೀರ್ಮಾನ ಮುರಿಯುತ್ತಿದ್ದೀಯ’ ಅಂತ ಯಾರಾದರೂ ಅವನಿಗೆ ತಿಳಿಸಿ ಹೇಳುವಷ್ಟರಲ್ಲಿ ನಿಮ್ಮ ತಲೆ ಕಡಿದಿರುತ್ತಾನೆ.

ಇದನ್ನು ಓದಿದಾಗೆಲ್ಲ ಆ ಪಠಾಣನ ಪರವಾಗಿ ನನಗೊಂದು ಸಂಶಯ. ಅವನ ಊರಿಗೆ ಇವರು ಹೋಗಿದ್ದರು. ಇವರ ಊರಿಗೆ ಅವನು ಹೋಗಿರಲಿಲ್ಲ. ಆಂಬುಲೆನ್ಸ್ ಕಡೆಗೆ ಹೋಗಬೇಕಿತ್ತು ಅಂದರೆ ಯಾವ ಆಂಬುಲೆನ್ಸ್? ಅವನ ಕಡೆ ಒಂದು ಎತ್ತಿನ ಗಾಡಿಯಾದರೂ ಇತ್ತಾ? ಸಭೆಯಲ್ಲಿ ಈ ಪ್ರಶ್ನೆ ಯಾರೂ ಕೇಳಿದ ಹಾಗಿಲ್ಲ.

ಕೊನೆಗೆ ಮತ ಹಾಕಿದರು. ಬ್ರಿಟನ್, ಅಮೆರಿಕ ಎರಡು ವಿರುದ್ಧ, ಪೋರ್ಚುಗಲ್ ತಟಸ್ಥ, ಉಳಿದವರೆಲ್ಲ ನಿಷೇಧದ ಪರ. ಹಾಗಂತ ಖುಷಿಪಡಬೇಡಿ. ನಿಷೇಧ ಇದ್ದದ್ದು ಸಹಿ ಹಾಕಿದ ದೇಶಗಳು ಪರಸ್ಪರ ಹೊಡೆದಾಡುವಾಗ ಮಾತ್ರ. ಪಠಾಣ ಸಹಿ ಹಾಕಿರಲಿಲ್ಲ. ಅವನನ್ನು ಕರೆದೇ ಇರಲಿಲ್ಲವಲ್ಲ. 1907ರಲ್ಲಿ ಬ್ರಿಟನ್ ಕೂಡ ಒಪ್ಪಿಕೊಂಡಿತು. ಅಮೆರಿಕ ಇವತ್ತಿಗೂ ಆ ಘೋಷಣೆಗೆ ಸೇರಿಲ್ಲ.

ಅದೇ ಸಭೆಯಲ್ಲಿ ಇನ್ನೆರಡು ಘೋಷಣೆ ಬಂದವು. ಒಂದು, ಬಲೂನಿನಿಂದ ಕೆಳಗೆ ಸಿಡಿಗುಂಡು ಹಾಕಬಾರದು. ಐದು ವರ್ಷ ಮಾತ್ರ! ಐದು ವರ್ಷ ಯಾಕೆ? ಆಗಿನ ಬಲೂನು ಗಾಳಿ ಬೀಸಿದ ಕಡೆ ಹೋಗುತ್ತಿತ್ತು, ಗುರಿ ಹಿಡಿಯೋಕೆ ಬರುತ್ತಿರಲಿಲ್ಲ. ಗುರಿ ಹಿಡಿಯುವ ಹಾಗಾದರೆ ಆಮೇಲೆ ನೋಡೋಣ ಅಂತ. ಕೆಲಸಕ್ಕೆ ಬಾರದ ಆಯುಧ ಅಮಾನವೀಯ, ಕೆಲಸಕ್ಕೆ ಬಂದ ಕೂಡಲೇ ಮಾನವೀಯ. 1907ರಲ್ಲಿ ಎರಡನೇ ಸಲ ಹೇಗ್‌ನಲ್ಲಿ ಸೇರಿ ಇದನ್ನು ‘ಮೂರನೇ ಶಾಂತಿ ಸಭೆ ಮುಗಿಯುವವರೆಗೆ’ ಅಂತ ಮುಂದುವರಿಸಿದರು. ಆ ಸಭೆ ನಡೆಯಲೇ ಇಲ್ಲ, ಅದರ ಬದಲು ಮೊದಲ ಮಹಾಯುದ್ಧ ನಡೆಯಿತು. ಬ್ರಿಟನ್, ಅಮೆರಿಕ ಈ ನಿಷೇಧ ಒಪ್ಪಿದ ದೇಶಗಳು. ಆಮೇಲೆ ಎರಡನೇ ಮಹಾಯುದ್ಧದಲ್ಲಿ ಇವರೇ ಆಕಾಶದಿಂದ ಬಾಂಬ್ ಹಾಕಿ ಸುಟ್ಟದ್ದು ಜರ್ಮನಿಯ ಡ್ರೆಸ್ಡನ್, ಜಪಾನಿನ ಹಿರೋಶಿಮಾ. ಕಾನೂನು ಮುರಿಯಲಿಲ್ಲ ನೋಡಿ: ಜರ್ಮನಿ, ಜಪಾನ್ ಒಪ್ಪಿರಲಿಲ್ಲ, ಆದ್ದರಿಂದ ಅನ್ವಯಿಸುವುದಿಲ್ಲ. ಲೆಕ್ಕ ಚುಕ್ತಾ.

ಇನ್ನೊಂದು, ಉಸಿರು ಕಟ್ಟಿಸುವ ಗಾಳಿ ಹರಡುವುದೇ ಏಕೈಕ ಉದ್ದೇಶವಾಗಿರುವ ಶೆಲ್ ಬಳಸಬಾರದು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್‌ನಲ್ಲಿ ಜರ್ಮನರು ಕ್ಲೋರಿನ್ ಬಿಟ್ಟರು. ಶೆಲ್‌ನಲ್ಲಿ ಅಲ್ಲ, ಐದು ಸಾವಿರಕ್ಕೂ ಜಾಸ್ತಿ ಸಿಲಿಂಡರುಗಳ ನಲ್ಲಿ ತಿರುಗಿಸಿ. ಸಿಲಿಂಡರ್ ಬಗ್ಗೆ ಘೋಷಣೆಯಲ್ಲಿ ಒಂದಕ್ಷರ ಇರಲಿಲ್ಲ. ಇದೇ ಜರ್ಮನಿ 1918ರ ಸೆಪ್ಟೆಂಬರಿನಲ್ಲಿ ಅಮೆರಿಕಕ್ಕೆ ಒಂದು ಪ್ರತಿಭಟನೆ ಕಳಿಸಿತು: ನಿಮ್ಮ ಸಿಪಾಯಿಗಳು ಕಂದಕದಲ್ಲಿ ಶಾಟ್‌ಗನ್ ಬಳಸುತ್ತಿದ್ದಾರೆ, ಇದು ಅನಗತ್ಯ ನೋವು ಕೊಡುತ್ತದೆ, ಹೇಗ್ ನಿಯಮದ ಉಲ್ಲಂಘನೆ. ಮೂರು ವರ್ಷದಿಂದ ಕ್ಲೋರಿನ್, ಮಸ್ಟರ್ಡ್ ಗ್ಯಾಸ್ ಬಿಡುತ್ತಿದ್ದವರಿಗೆ ಚರೆಗುಂಡು ನೋಡಿ ಕಣ್ಣಲ್ಲಿ ನೀರು ಬಂತು.

ಇವೆಲ್ಲ ಹಳೇ ಕತೆ, ಈಗ ಹಾಗಿಲ್ಲ ಅನ್ನುತ್ತೀರಾ? ನಿಜ, ಈಗ ಹಾಗಿಲ್ಲ. 1997ರಿಂದ ಜಾರಿಯಲ್ಲಿರುವ ರಾಸಾಯನಿಕ ಅಸ್ತ್ರಗಳ ಒಪ್ಪಂದ ಬಹಳ ಸ್ಪಷ್ಟ. ಯುದ್ಧದಲ್ಲಿ ಅಶ್ರುವಾಯು ಕೂಡ ಬಳಸಬಾರದು. ಶತ್ರು ಸೈನಿಕನ ಕಣ್ಣು ಉರಿಸುವುದು ಅಂತರರಾಷ್ಟ್ರೀಯ ಅಪರಾಧ. ಆದರೆ ನಮ್ಮದೇ ಪ್ರಜೆಗಳ ಗುಂಪು ಚದುರಿಸೋಕೆ ಧಾರಾಳವಾಗಿ ಬಳಸಬಹುದು, ಅದೇ ಒಪ್ಪಂದದಲ್ಲಿ ಅವಕಾಶ ಇದೆ. ಅರಳುವ ಗುಂಡೂ ಹಾಗೇ. ಯುದ್ಧಭೂಮಿಯಲ್ಲಿ ನಿಷಿದ್ಧ, ಅಮೆರಿಕದ ಪೊಲೀಸರ ಸೊಂಟದಲ್ಲಿ ದಿನನಿತ್ಯದ ಸಾಮಾನು. ತಜ್ಞರ ಹತ್ತಿರ ಕಾರಣಗಳಿವೆ. ಯುದ್ಧದಲ್ಲಿ ಯಾವ ಹೊಗೆ ಅಶ್ರುವಾಯು, ಯಾವುದು ವಿಷ ಅಂತ ಎದುರಿನವರಿಗೆ ಗೊತ್ತಾಗುವುದಿಲ್ಲ, ಅವರೂ ವಿಷ ಬಿಟ್ಟುಬಿಟ್ಟಾರು. ಅರಳುವ ಗುಂಡು ಮೈ ದಾಟಿ ಹಿಂದೆ ನಿಂತವರಿಗೆ ತಾಗುವುದು ಕಡಿಮೆ. ಕಾರಣಗಳು ಸುಳ್ಳೇನಲ್ಲ. ಆದರೂ ಒಟ್ಟು ಅರ್ಥ ಏನು? ಎದುರಿನವನು ತಿರುಗಿಸಿ ವಿಷ ಬಿಡಬಲ್ಲ ಅಂದರೆ ಅವನಿಗೆ ಮರ್ಯಾದೆ. ಬಿಡಲಾರ ಅಂದರೆ ಶೆಲ್.

2024ರ ಫೆಬ್ರವರಿಯಲ್ಲಿ ಪಂಜಾಬ್–ಹರಿಯಾಣ ಗಡಿಯ ಶಂಭುವಿನಲ್ಲಿ ದಿಲ್ಲಿಗೆ ಹೊರಟ ರೈತರ ಮೇಲೆ ಹರಿಯಾಣ ಪೊಲೀಸರು ಅಶ್ರುವಾಯು ಶೆಲ್ ಹಾಕಿದರು. ಹಾಕಿದ್ದು ಡ್ರೋನ್‌ನಿಂದ. ಆಕಾಶದಿಂದ ಶೆಲ್, ಶೆಲ್‌ನಲ್ಲಿ ಗಾಳಿ. ಹೇಗ್‌ನ ಎರಡು ನಿಷೇಧ ಒಂದೇ ಯಂತ್ರದಲ್ಲಿ! ರೈತರು ಗಾಳಿಪಟ ಹಾರಿಸಿದರು, ದಾರಕ್ಕೆ ಡ್ರೋನ್ ಸಿಕ್ಕಿ ಬೀಳಲಿ ಅಂತ. ಪಂಜಾಬಿನ ಅಧಿಕಾರಿಗಳಿಂದ ಹರಿಯಾಣಕ್ಕೆ ಆಕ್ಷೇಪದ ಪತ್ರ ಹೋಯಿತು: ನಿಮ್ಮ ಡ್ರೋನ್ ನಮ್ಮ ಗಡಿ ದಾಟಿ ಒಳಗೆ ಬಂದಿದೆ. ಗಡಿಗೆ ನೋವಾಗಿತ್ತು ಪಾಪ.

ಹಾಗಾಗಿ ಪ್ರತಿಭಟನೆಗೆ ಹೊರಡುವವರಿಗೆ ನನ್ನದೊಂದು ಪುಕ್ಕಟೆ ಸಲಹೆ. ಪ್ರಜೆಯಾಗಿ ಹೋಗಬೇಡಿ, ಶತ್ರು ಸೈನ್ಯವಾಗಿ ಹೋಗಿ. ಹೇಗ್ ಸಭೆಯವರೇ ಬರೆದಿಟ್ಟ ಯುದ್ಧ ನಿಯಮಾವಳಿಯ ಮೊದಲ ಕಲಮಿನಲ್ಲೇ ವಿಧಾನ ಇದೆ. ಜವಾಬ್ದಾರಿ ಹೊರುವ ಒಬ್ಬ ನಾಯಕ ಬೇಕು. ನಮ್ಮ ಸಂಘಟನೆಗಳಲ್ಲಿ ನಾಯಕರಿಗೆ ಬರ ಇಲ್ಲ, ಒಬ್ಬರನ್ನೇ ಆರಿಸುವುದು ಸ್ವಲ್ಪ ಕಷ್ಟ. ದೂರದಿಂದ ಕಾಣುವ ಗುರುತು ಬೇಕು, ಹಸಿರು ಶಾಲು ಸಾಕು. ಆಯುಧ ಎದ್ದು ಕಾಣಬೇಕು, ಕುಡುಗೋಲು ಮುಚ್ಚಿಡಬೇಡಿ. ಯುದ್ಧದ ನಿಯಮ ಪಾಲಿಸುತ್ತೇವೆ ಅಂತ ಒಪ್ಪಿಕೊಳ್ಳಿ. ಇಷ್ಟಾದರೆ ನಿಮ್ಮ ಮೇಲೆ ಅಶ್ರುವಾಯು ಹಾಕುವ ಹಾಗಿಲ್ಲ. ಗುಂಡು ಹಾರಿಸಬಹುದು, ಅದಕ್ಕೆ ಅಡ್ಡಿ ಇಲ್ಲ. ಆದರೆ ತುದಿ ಮುಚ್ಚಿದ, ಮರ್ಯಾದಸ್ಥ ಗುಂಡೇ ಆಗಿರಬೇಕು. ತಾಗಿದ ಮೇಲೆ ಮುಂದೆ ಬರದೆ, ತೆಪ್ಪಗೆ ತಿರುಗಿ ಆಂಬುಲೆನ್ಸ್ ಹುಡುಕಿಕೊಂಡು ಹೋಗುವುದು ನಿಮ್ಮ ಕೆಲಸ.