ಪದ ಉಳಿಯಿತು, ಧಾಟಿ?

ಫಿನ್‌ಲ್ಯಾಂಡಿನ ಸಂಗೀತ ಅಂದರೆ ಎಲ್ಲರೂ ಸಿಬೇಲಿಯಸ್ ಹೆಸರು ಹೇಳುತ್ತಾರೆ. ಹೆಲ್ಸಿಂಕಿಯಲ್ಲಿರುವ ನನಗೆ ಮಾತ್ರ ಇಲ್ಮಾರಿ ಕ್ರೋನ್ ಮೇಲೆ ಜಾಸ್ತಿ ಪ್ರೀತಿ. 1867ರಲ್ಲಿ ಇದೇ ಊರಲ್ಲಿ ಹುಟ್ಟಿ 1960ರವರೆಗೆ ಬಾಳಿದವರು. ಒಪೆರಾ ಬರೆದರು, ಚರ್ಚಿಗೂ ಸಂಗೀತ ಬರೆದರು. ಅದನ್ನು ಈಗ ಹಾಡುವವರು ಕಡಿಮೆ. ಅವರ ಹೆಸರು ಉಳಿದದ್ದು ಹಳ್ಳಿಯವರ ಹಾಡುಗಳಿಂದ.

ಜಾನಪದ ಆ ಮನೆಯವರಿಗೆ ಹೊಸದಲ್ಲ. ಅಪ್ಪ ಯೂಲಿಯಸ್ ಫಿನ್ನರ ಮಹಾಕಾವ್ಯ ಕಾಲೆವಾಲದ ಪದ್ಯಗಳ ಮೂಲ ಹುಡುಕಿದವರು. ಅಣ್ಣ ಕಾರ್ಲೆ ಜನಪದ ಕಥೆಗಳ ಜಾಡು ಹಿಡಿದವರು. ಇಲ್ಮಾರಿ ಹಿಡಿದದ್ದು ಧಾಟಿ. ಸಾವಿರಾರು ಧಾಟಿಗಳನ್ನು ಬರೆದಿಟ್ಟರೆ ಜೋಡಿಸುವುದು ಹೇಗೆ? ಮೊದಲ ಪದದ ಅಕ್ಷರ ನೋಡಿ ಜೋಡಿಸಿದರೆ ಒಂದೇ ಧಾಟಿಯ ಹಾಡುಗಳು ಹತ್ತು ಕಡೆ ಚೆದುರುತ್ತವೆ. ಹಾಗಾಗಿ ಪ್ರತಿ ಸಾಲು ಯಾವ ಸ್ವರದ ಮೇಲೆ ನಿಲ್ಲುತ್ತದೆ ಅಂತ ನೋಡಿ ಗುಂಪು ಮಾಡಿದರು. ಹಂಗೇರಿಯ ಸಂಗೀತಗಾರ ಬಾರ್ತೋಕ್ ಇದೇ ಪದ್ಧತಿಯನ್ನು ತಿದ್ದಿಕೊಂಡು ತಮ್ಮ ನಾಡಿನ ಹಾಡುಗಳಿಗೆ ಬಳಸಿದರು. ಕ್ರೋನ್ ಶುರು ಮಾಡಿದ ಸಂಪುಟಗಳ ಸುಮಾರು 9000 ಧಾಟಿಗಳು ಈಗ ಯೂವಾಸ್ಕೂಲಾ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿವೆ.

ನಮ್ಮಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಹಲಸಂಗಿ ಗೆಳೆಯರು ಹಾಡು ಕೂಡಿಹಾಕಿದರು. ಅವರ ಋಣ ಸಣ್ಣದಲ್ಲ. ಆದರೆ ಅಚ್ಚಿಗೆ ಬಂದದ್ದು ಬರೀ ಪದ. ಪುಟದಲ್ಲಿ ತ್ರಿಪದಿ ಮೂರು ಸಾಲು. ಬೀಸುಕಲ್ಲಿನ ಮುಂದೆ ಕೂತವರು ಎರಡನೇ ಸಾಲನ್ನು ಮತ್ತೆ ಎತ್ತಿಕೊಂಡು ಹಾಡುತ್ತಾರೆ, ಮೂರು ನಾಲ್ಕಾಗುತ್ತದೆ. ಕ್ರೋನ್ ಲೆಕ್ಕಕ್ಕೆ ಬೇಕಾದದ್ದು ಆ ನಾಲ್ಕು. ಪುಸ್ತಕ ಕೊಡುವುದು ಮೂರೇ.

ಫಿನ್ನರೂ ಎಲ್ಲ ಕಡೆ ಧಾಟಿಯನ್ನೇ ಮುಂದಿಟ್ಟರು ಅಂತಲ್ಲ. ಅಲ್ಲಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರ ಜತೆ ತುಳುನಾಡಿನ ಗೋಪಾಲ ನಾಯ್ಕರ ಬಾಯಿಂದ ಸಿರಿ ಕಾವ್ಯ ದಾಖಲಿಸಿದರು. 1998ರಲ್ಲಿ ಅದು ಅಚ್ಚಾಯಿತು, ಕಾರ್ಲೆ ಮತ್ತವರ ಗೆಳೆಯರು ಹುಟ್ಟುಹಾಕಿದ ಪುಸ್ತಕ ಮಾಲೆಯಲ್ಲೇ. ಎಲ್ಲರೂ ಹೇಳುವುದು 15,683 ಸಾಲು ಅಂತ. ಅಲ್ಲೂ ಎಣಿಕೆ ಸಾಲಿನದೇ ಅಲ್ವಾ?

ಹಾಡನ್ನು ಸ್ವರಲಿಪಿಯಲ್ಲಿ ಬರೆದಿಟ್ಟರೆ ಜಾನಪದ ಸಾಯುತ್ತದೆ ಅನ್ನುವವರಿದ್ದಾರೆ. ಅರ್ಧ ನಿಜ. ಗಂಟಲಿನ ಎಳೆತ, ಉಸಿರು ಕಾಗದಕ್ಕೆ ಇಳಿಯುವುದಿಲ್ಲ. ಆದರೆ ಬರೆಯದೆ ಬಿಟ್ಟರೆ ಹಾಡುವ ಅಜ್ಜಿಯ ಜತೆ ಧಾಟಿಯೂ ಹೋಗುತ್ತದೆ. ಜಾನಪದ ಲೋಕ ಕಟ್ಟಿದ ಎಚ್.ಎಲ್. ನಾಗೇಗೌಡರು ಊರೂರು ಸುತ್ತಿ ಹಾಡು ರೆಕಾರ್ಡ್ ಮಾಡಿಸಿದ್ದು ಇದಕ್ಕೇ. ಅಂಥ ರೆಕಾರ್ಡಿಂಗುಗಳನ್ನು ಜಿಲ್ಲೆವಾರು, ವಿಷಯವಾರು ಇಟ್ಟರೆ ಸಾಲದು, ಧಾಟಿವಾರು ಜೋಡಿಸಬೇಕು. ನಾನೊಂದು ಬೀಸುವ ಪದ ಗುನುಗಿದರೆ ಅದರ ನೆಂಟ ಧಾಟಿ ವಿಜಯಪುರದಲ್ಲಿದೆಯೋ ಚಾಮರಾಜನಗರದಲ್ಲಿದೆಯೋ ಸಿಗುವಂತಿರಬೇಕು. ಕಾರ್ಡು ಪೆನ್ಸಿಲ್ಲಿನ ಕಾಲದಲ್ಲೇ ಆದ ಕೆಲಸ ಇದು, ಈಗ ಕಂಪ್ಯೂಟರ್ ಬೇರೆ ಇದೆ.