ಅಟ್ಟದ ಮೇಲಿನ ಕೊಬ್ಬರಿ ಮತ್ತು 37% ಚಾನ್ಸ್

ತಲೆ ಕೆಟ್ಟಿದೆ. ಇದನ್ನು ಬರೆದೇ ಮಲಗುವುದು.

ತಿಪಟೂರಿನಿಂದ ಅಕ್ಕನ ಮಗ ಬಂದಿದ್ದಾನೆ. ಬಿ.ಕಾಂ. ಮುಗಿಸಿದ್ದಾನೆ, ನವೆಂಬರ್‌ನಲ್ಲಿ ಕ್ಯಾಟ್ ಬರೆಯುತ್ತಾನೆ, ಅಂದರೆ ಎಂಬಿಎ ಓದೋಕೆ ಐಐಎಂಗಳು ನಡೆಸುವ ಪ್ರವೇಶ ಪರೀಕ್ಷೆ. ಐಐಎಂ ಬೆಂಗಳೂರೇ ಬೇಕಂತೆ. ಯಾವುದೋ ಕೋಚಿಂಗ್‌ನವರು ಬಿಟ್ಟಿಯಾಗಿ ‘ಪ್ರೊಫೈಲ್ ಇವ್ಯಾಲ್ಯುಯೇಶನ್’ ಮಾಡ್ತಾರೆ, ನೀನೂ ಬಾ ಮಾವ ಅಂದ. ಬಿಟ್ಟಿ ಅಂದರೆ ನಾನು ಹೋಗದೆ ಇರ್ತೀನಾ.

ಅಲ್ಲಿದ್ದ ಮೇಡಂ ಹುಡುಗನ ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಅಂಕ ಕೇಳಿಕೊಂಡು ಲ್ಯಾಪ್‌ಟಾಪಿಗೆ ಹೊಡೆದರು. “ನಿಮ್ಮ ಚಾನ್ಸ್ 37%” ಅಂದರು. 37! 36 ಅಲ್ಲ, 38 ಅಲ್ಲ. ಮುಖ್ಯ ಪರೀಕ್ಷೆಯನ್ನೇ ಹುಡುಗ ಇನ್ನೂ ಬರೆದಿಲ್ಲ. ನಮ್ಮೂರ ಜಾತ್ರೆಯ ಗಿಣಿಶಾಸ್ತ್ರದವನೂ ಇಷ್ಟು ಧೈರ್ಯ ಮಾಡಲ್ಲ.

ಪ್ರೊಫೈಲ್ ವೀಕ್ ಅಂತೆ. ಗಟ್ಟಿ ಮಾಡೋಕೆ 45 ಸಾವಿರದ ಪ್ಯಾಕೇಜ್ ಇದೆ. ಮೂರು ಭಾನುವಾರ ಎಲ್ಲೋ ಸಮಾಜಸೇವೆ, ಅದಕ್ಕೊಂದು ಸರ್ಟಿಫಿಕೇಟು, ಎರಡು ಆನ್‌ಲೈನ್ ಕೋರ್ಸು, ಮತ್ತೆ ಒಂದು ‘ಲೀಡರ್‌ಶಿಪ್ ಸ್ಟೋರಿ’. ಸ್ಟೋರಿ ಅವರೇ ಬರೆದುಕೊಡುತ್ತಾರೆ, ಇವನು ಬಾಯಿಪಾಠ ಮಾಡಿದರೆ ಸಾಕು.

“ಮನೆ ಕಡೆ ಏನು?” ಅಂತ ಕೇಳಿದರು.

“ತೋಟ ಇದೆ ಮೇಡಂ, ಅಪ್ಪ ಕೊಬ್ಬರಿ ವ್ಯಾಪಾರಾನೂ ಮಾಡ್ತಾರೆ. ಎರಡು ವರ್ಷದಿಂದ ಲೆಕ್ಕ ಎಲ್ಲ ನಾನೇ ನೋಡೋದು.”

“ಓ, ಅದೆಲ್ಲ ಬೇಡ. ಅದನ್ನ ಹೇಳಬೇಡಿ.”

ನನಗೆ ಮೈ ಉರಿದದ್ದು ಇಲ್ಲೇ.

ಕೊಬ್ಬರಿ ಅಂದರೆ ಏನು ಅಂತ ಆ ಮೇಡಂಗೆ ಗೊತ್ತಿಲ್ಲ, ಸರಿ. ಕಾಯಿ ಎಳೆಯದಾಗಿರುವಾಗಲೇ ಕೆಡವಿ ಎಳನೀರಿಗೆ ಕೊಟ್ಟರೆ ಇವತ್ತೇ ಕೈಗೆ ದುಡ್ಡು. ಬಲಿಯೋಕೆ ಬಿಟ್ಟು ಅಟ್ಟಕ್ಕೆ ಹಾಕಿದರೆ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಉಂಡೆ ಚಿಪ್ಪಿನಿಂದ ಬಿಟ್ಟುಕೊಂಡು ಅಲ್ಲಾಡಿಸಿದಾಗ ಸದ್ದು ಮಾಡುವವರೆಗೆ ಹತ್ತು ಹನ್ನೆರಡು ತಿಂಗಳು ಕಾಯಬೇಕು, ಅಷ್ಟು ದಿನ ದುಡ್ಡು ಅಟ್ಟದ ಮೇಲೆ ಕೂತಿರುತ್ತೆ, ಸಾಲದ ಬಡ್ಡಿ ಕೆಳಗೆ ಓಡ್ತಾ ಇರುತ್ತೆ. 2024ರ ಶುರುವಿನಲ್ಲಿ ಮಾರುಕಟ್ಟೆ ದರ ಬೆಂಬಲ ಬೆಲೆಗಿಂತ ಕೆಳಗೆ ಬಿದ್ದಿತ್ತು. ಆ ಸಲದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000. ಭಾವ ಬೇಜಾರಾಗಿ ಇನ್ಮೇಲೆ ಎಲ್ಲ ಎಳನೀರಿಗೇ ಅಂದುಬಿಟ್ಟಿದ್ದರು. ಇವನು ಹಳೇ ನೋಟ್‌ಬುಕ್ಕಿನಲ್ಲಿ ಬಡ್ಡಿ, ಕೂಲಿ, ದರ ಎಲ್ಲ ಗೀಚಿ, ಅರ್ಧ ಎಳನೀರಿಗೆ ಕೊಡೋಣ, ಅರ್ಧ ಅಟ್ಟಕ್ಕೆ ಹಾಕೋಣ ಅಂತ ಅಪ್ಪನ ಹತ್ತಿರ ಜಗಳ ಮಾಡಿ ಒಪ್ಪಿಸಿದ. 2025ರಲ್ಲಿ ಕೊಬ್ಬರಿ 20 ಸಾವಿರ ದಾಟಿತು. ಅದೃಷ್ಟವೂ ಇತ್ತು, ಇವನೇ ಹೇಳ್ತಾನೆ. ಆದರೆ ಅರ್ಧ ಮಾತ್ರ ಯಾಕೆ ಅಂತ ಕೇಳಿ ನೋಡಿ, ಅರ್ಧ ಗಂಟೆ ಮಾತಾಡ್ತಾನೆ. ಇದು ಬೇಡ, ಮೂರು ಭಾನುವಾರದ ಸರ್ಟಿಫಿಕೇಟು ಬೇಕು!

ಈಗ ಕಾಮೆಂಟಿಗೆ ಬರ್ತೀರಿ ಗೊತ್ತು. ಸಣ್ಣ ಊರಿನ ಮಕ್ಕಳಿಗೆ ಕೋಚಿಂಗ್‌ನವರಲ್ಲದೆ ಇನ್ಯಾರು ದಾರಿ ತೋರಿಸ್ತಾರೆ ಅಂತ. ಒಪ್ಪಿದೆ. ಮಾಕ್ ಟೆಸ್ಟ್ ತಗೊಳ್ಳಿ, ಖಂಡಿತ ತಗೊಳ್ಳಿ. ಆದರೆ ದಾರಿ ಎಲ್ಲಿ ತೋರಿಸಿದರು? ಹುಡುಗನಿಗೆ ಮಾಕ್‌ನಲ್ಲಿ ಲೆಕ್ಕದಲ್ಲಿ 97 ಪರ್ಸೆಂಟೈಲ್ (ಅಂದರೆ ಬರೆದ ನೂರರಲ್ಲಿ 97 ಜನರಿಗಿಂತ ಮುಂದೆ), ಇಂಗ್ಲಿಷ್ ಓದಿನಲ್ಲಿ 71. ಒಟ್ಟು ಎಷ್ಟೇ ಬಂದರೂ ಒಂದೊಂದು ವಿಭಾಗದಲ್ಲೂ ಕನಿಷ್ಠ ದಾಟಲೇಬೇಕು. ಒಂದೊಂದಕ್ಕೂ 40 ನಿಮಿಷ, ಲೆಕ್ಕದಲ್ಲಿ ಉಳಿಸಿದ ಟೈಮನ್ನು ಇಂಗ್ಲಿಷಿಗೆ ಹಾಕೋಕೆ ಆಗಲ್ಲ. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಬರೆಯುವ ಪರೀಕ್ಷೆ ಇದು, 99 ಪರ್ಸೆಂಟೈಲ್ ಬಂದರೂ ಮುಂದೆ ಎರಡೂವರೆ ಸಾವಿರಕ್ಕೂ ಹೆಚ್ಚು ಜನ ನಿಂತಿರ್ತಾರೆ. ಇವನ ಚಾನ್ಸ್ ನಿಂತಿರೋದು ಆ 71ರ ಮೇಲೆ. ಮೇಡಂ ಅದನ್ನು ಕೇಳಲೇ ಇಲ್ಲ. ಆಗಿಹೋದ ಎಸ್ಸೆಸ್ಸೆಲ್ಸಿ ಅಂಕ ಯಾರೂ ಬದಲಾಯಿಸೋಕಾಗಲ್ಲ, ಅದನ್ನು ಮಾತ್ರ ಎರಡು ಸಲ ಕೇಳಿದರು. ಹೋಗಲಿ, ಐಐಎಂ ಬೆಂಗಳೂರಿನವರು ಆ ಅಂಕವನ್ನೂ ಹಾಗ್ಹಾಗೇ ತಗೊಳ್ಳಲ್ಲ, ಅದೇ ಬೋರ್ಡಿನ ಬೇರೆಯವರ ಅಂಕಕ್ಕೆ ಹೋಲಿಸಿ ಸರಿಮಾಡ್ತಾರೆ. ಲೆಕ್ಕ ಹಾಕೋದು ಹೇಗೆ ಅಂತ ತಮ್ಮ ವೆಬ್‌ಸೈಟಿನಲ್ಲೇ ಹಾಕಿರ್ತಾರೆ. ಅದೂ ಬಿಟ್ಟಿ.

ಓದುವಾಗ ಅಪ್ಪನ ಅಂಗಡಿ ನೋಡಿಕೊಂಡಿದ್ದು ಅರ್ಜಿಯಲ್ಲಿ ಕೆಲಸದ ಅನುಭವ ಅಂತ ಲೆಕ್ಕಕ್ಕೆ ಬರಲ್ಲ, ನಿಜ. ಆದರೆ ಇಂಟರ್‌ವ್ಯೂನಲ್ಲಿ ಎದುರಿಗೆ ಕೂತವರು ಕೇಳೋದು ಅದನ್ನೇ ಅಲ್ವಾ.

ನನಗೆ ಹೇಗೆ ಗೊತ್ತು ಅಂದರೆ, ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ನಾನೂ ಒಂದು ಕಾಲದಲ್ಲಿ ಪ್ರೊಫೈಲ್ ಗಟ್ಟಿ ಮಾಡಿಕೊಂಡು ಹೋದವನೇ. ಹವ್ಯಾಸ ಅಂತ ಕರ್ನಾಟಕ ಸಂಗೀತ ಬರೆದಿದ್ದೆ. ನಮ್ಮ ಮನೆಯಲ್ಲಿ ಬೆಳಿಗ್ಗೆ ರೇಡಿಯೋ ಹಾಕ್ತಿದ್ದರು, ಅಷ್ಟೇ ಸಂಬಂಧ. ಕನ್ನಡಕದ ಪ್ರೊಫೆಸರೊಬ್ಬರು ಖುಷಿಯಾಗಿ ಮುಂದೆ ಬಾಗಿ, ಯಾವ ರಾಗ ಇಷ್ಟ ಅಂದರು. ಕಲ್ಯಾಣಿ ಅಂದೆ. ಎಷ್ಟನೇ ಮೇಳಕರ್ತ ಅಂದರು. ಮೇಳಕರ್ತ ಅಂದರೆ ಮೂಲ ರಾಗ, ಅವಕ್ಕೆ ಕ್ರಮಸಂಖ್ಯೆ ಇರುತ್ತೆ; ಆ ಪದವನ್ನೇ ನಾನು ಅವತ್ತು ಮೊದಲು ಕೇಳಿದ್ದು. ಅವರು ಬಯ್ಯಲಿಲ್ಲ. ಪೆನ್ನಿನ ಕ್ಯಾಪ್ ಹಾಕಿ ಇಟ್ಟರು. 65ನೇದು ಅಂತ ಈಗ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ, ಏನು ಪ್ರಯೋಜನ.

ಸಂಜೆ ಕೋಚಿಂಗ್‌ನವರು ಹುಡುಗನಿಗೆ ಫೋನ್ ಮಾಡಿದರು. ಇವತ್ತೇ ಸೇರಿದರೆ 38 ಸಾವಿರಕ್ಕೆ ಕೊಡ್ತಾರಂತೆ. ನಾನು ಬಯ್ಯೋಕೆ ಫೋನ್ ಕಿತ್ತುಕೊಳ್ಳಬೇಕು ಅನ್ನುವಷ್ಟರಲ್ಲಿ ಇವನೇ ತಣ್ಣಗೆ ಹೇಳಿದ: “ಇನ್ನೊಂದು ವಾರ ನೋಡ್ತೀನಿ ಮೇಡಂ. ರೇಟು ಇನ್ನೂ ಇಳಿಯೋ ಹಾಗಿದೆ.”